ಅಳುಬುರುಕಿ ನಿಜ ಹೇಳಿದ ದಿನ

ಅರಗಿನ ಮೊಹರು ಸುಲಭಕ್ಕೆ ಬಗ್ಗಲಿಲ್ಲ. ಇನ್ಸ್‌ಪೆಕ್ಟರ್ ಪೆನ್ನಿನ ಹಿಂಬದಿಯಿಂದ ಕುಟ್ಟಿದ, ಉಗುರಿನಿಂದ ಕೆರೆದ, ಕೊನೆಗೆ ಸ್ಕ್ರೂಡ್ರೈವರ್ ತರಲಿಲ್ಲವೆಂದು ಕಾನ್‌ಸ್ಟೇಬಲ್ ಮೇಲೆ ರೇಗಿದ.

“ನಿಮ್ಮ ತನಿಖೆಗಿಂತ ನಿಮ್ಮ ಅರಗೇ ಗಟ್ಟಿ ಇದೆ ಸಾರ್,” ಎಂದಳು ಚಾಳೀಸು.

ಗೋದಾಮಿನ ಮ್ಯಾನೇಜರ್ ಕಿಸಕ್ಕನೆ ನಕ್ಕ. ಯಾರನ್ನು ಹಂಗಿಸಿದರೂ, ತನ್ನನ್ನಲ್ಲವಾದರೆ, ನಗುವ ಜಾಯಮಾನ ಅವನದು.

ಕಪಾಟು ತೆರೆಯಿತು. ಒಳಗೆ ಬೂದು ಬಣ್ಣದ ಕಂಟ್ರೋಲರ್, ಅದರ ಕೆಳಗೆ ಬ್ಯಾಟರಿ, ಎದೆಯ ಮಟ್ಟದಲ್ಲೊಂದು ಪುಟ್ಟ ಪರದೆ. ಪರದೆಯ ಮೇಲೆ ಹಸಿರು ಅಂಕಿಗಳು ಇನ್ನೂ ಉರಿಯುತ್ತಿದ್ದವು. ಒಳಗೆ: 214. ಹೊರಗೆ: 213.

ಆ ಎರಡು ಅಂಕಿಗಳ ನಡುವಿನ ಸಂದಿಯಲ್ಲಿ ಒಬ್ಬ ಮನುಷ್ಯ ಸತ್ತಿದ್ದ. ಈ ಗೋದಾಮಿನ ಫಿಟ್ಟರ್. ಮರದ ಪೆಟ್ಟಿಗೆಗಳಿಗೆ ಹುಳ ಹಿಡಿಯದಂತೆ ಗ್ಯಾಸು ಬಿಡುವ ಹೊಗೆಕೋಣೆಗೆ ಫ್ಯಾನಿನ ಬೆಲ್ಟು ನೋಡಲು ಹೋದವನು ಹೊರಗೆ ಬರಲಿಲ್ಲ. ಒಳಗೆ ಜನರಿದ್ದಾರೆಂದು ಸೈರನ್ ಬಡಿದುಕೊಳ್ಳುತ್ತಿದ್ದರೂ ಗುಂಡಿ ಒತ್ತಿ ಗ್ಯಾಸು ಬಿಟ್ಟಳೆಂದು ಆಪರೇಟರ್ ಹೆಂಗಸನ್ನು ಲಾಕಪ್ಪಿಗೆ ದೂಡಿದ್ದರು. ಅವಳು ಸತ್ತವನ ಸ್ವಂತ ಅತ್ತಿಗೆ.

“ಆ ನಂಬರಿನ ಫೋಟೋ ತೆಗೀರಿ,” ಎಂದಳು ಚಾಳೀಸು. “ಮುಟ್ಟೋದಕ್ಕೆ ಮುಂಚೆ.”

“ನಮಗೂ ಕೆಲಸ ಗೊತ್ತು ಮೇಡಂ.”

“ಗೊತ್ತಿದ್ರೆ ಒಳ್ಳೇದೇ. ಮಾಡಿದ್ರೆ ಇನ್ನೂ ಒಳ್ಳೇದು.”

ಕುತ್ತಿಗೆಯಿಂದ ಜೋತುಬಿದ್ದ ಕನ್ನಡಕವನ್ನು ಮೂಗಿಗೇರಿಸಿದಳು. ಆ ಕನ್ನಡಕದಿಂದಲೇ ಪೊಲೀಸರು ಅವಳಿಗೆ ಚಾಳೀಸು ಎಂದು ಹೆಸರಿಟ್ಟಿದ್ದರು. ಒಂದು ಕಾಲದಲ್ಲಿ ಅವಳೂ ಪ್ರೋಗ್ರಾಂ ಬರೆದು ಅನ್ನ ತಿಂದವಳು. ಮೇಲಿನವರ ಸುಳ್ಳಿಗೆ ತೇಪೆ ಹಾಕಿ ಬೇಸತ್ತು, ಈಗ ಸುಳ್ಳುಗಳನ್ನು ಬಿಚ್ಚುವ ಖಾಸಗಿ ಪತ್ತೇದಾರಿಕೆ ಹಿಡಿದಿದ್ದಳು. ಜೊತೆಗೆ ಅವಳ ತಮ್ಮ. ಆರೋಪಿಯ ವಕೀಲ. ಅಕ್ಕನ ಬಾಯಿಗೂ ಪೊಲೀಸರ ಸಿಟ್ಟಿಗೂ ನಡುವೆ ನಿಂತು ನಿಂತು ಅವನ ತಲೆಯ ಅರ್ಧ ಕೂದಲು ಉದುರಿತ್ತು.

ಕಪಾಟಿನ ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ನಿಂತವನು ಈ ಎಚ್ಚರಿಕೆ ವ್ಯವಸ್ಥೆಯನ್ನು ಮಾರಿದ ಕಂಪನಿಯ ಎಂಜಿನಿಯರ್. ನೀಲಿ ಟೈ, ನೀಲಿ ಪೆನ್ನು, ನೀಲಿ ಬ್ಯಾಗು. ಮನೆಯಲ್ಲಿ ಕನ್ನಡಿಯ ಮುಂದೆ ಬಹಳ ಹೊತ್ತು ಕಳೆದು ಬಂದಿದ್ದ. ಒಬ್ಬ ಸತ್ತಿದ್ದಾನೆ, ಒಬ್ಬಳು ಜೈಲಿಗೆ ಹೊರಟಿದ್ದಾಳೆ. ಇವನಿಗೆ ಟೈ ಹೊಂದಬೇಕು.

“ಏನಪ್ಪಾ ನೀಲಿ ಟೈ,” ಎಂದಳು, “ಮಷೀನು ಆರಿ ಮತ್ತೆ ಶುರುವಾದ್ರೆ ಈ ಎಣಿಕೆ ಉಳಿಯುತ್ತಾ?”

“ಇಲ್ಲ ಮೇಡಂ. ಮತ್ತೆ ಶುರುವಾದ್ರೆ ಎಲ್ಲ ಸೊನ್ನೆಯಿಂದ. ಅದಕ್ಕೇ ಬ್ಯಾಟರಿ ಕೊಟ್ಟಿದ್ದೀವಿ. ನಮ್ಮದು ತುಂಬಾ ಭದ್ರವಾದ ಸಿಸ್ಟಮ್.”

“ಭದ್ರ ಅಂತ ಒಳಗಿದ್ದವನೂ ಅಂದ್ಕೊಂಡಿದ್ದ.”

ನೀಲಿ ಟೈ ಪೆನ್ನಿನ ಕ್ಯಾಪು ತೆಗೆದ, ಹಾಕಿದ.

ಆಪರೇಟರ್ ಹೆಂಗಸನ್ನು ಇಬ್ಬರು ಮಹಿಳಾ ಪೊಲೀಸರು ಕರೆತಂದರು. ಗೋದಾಮಿನ ಬೂದು ಕೋಟನ್ನೇ ತೊಟ್ಟಿದ್ದಳು. ಹಿಡಿದೊಯ್ದಾಗ ಇದ್ದ ಬಟ್ಟೆ. ಕಂಟ್ರೋಲ್ ಕೋಣೆಯ ಗಾಜಿನ ಬಾಗಿಲಿನಾಚೆ ಬೆಂಚಿನ ಮೇಲೆ ಅವಳ ಅತ್ತೆ ಕೂತಿದ್ದಳು. ಸತ್ತವನ ತಾಯಿ. ಸೊಸೆ ಮುಂದೆಯೇ ಹಾದುಹೋದರೂ ಮುದುಕಿ ತಲೆಯೆತ್ತಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನೆಲ ನೋಡುತ್ತಲೇ ಇದ್ದಳು.

“ನೋಡಿದ್ರಾ?” ಮ್ಯಾನೇಜರ್ ಪಿಸುಗುಟ್ಟಿದ. “ಸ್ವಂತ ಅತ್ತೇನೇ ಮುಖ ನೋಡ್ತಿಲ್ಲ. ಇನ್ನೇನು ಸಾಕ್ಷಿ ಬೇಕು ನಿಮಗೆ?”

“ದೊಡ್ಡ ಮಗ?” ಚಾಳೀಸು ತಮ್ಮನನ್ನು ಕೇಳಿದಳು.

“ಬಂದಿಲ್ಲ ಅಕ್ಕ. ಇವಳ ಗಂಡ ತಾನೇ, ಇಲ್ಲೇ ಶಿಫ್ಟ್ ಮೇಸ್ತ್ರಿ. ತಮ್ಮ ಸತ್ತಾಗಿಂದ ಗೋಡೆ ಕಡೆ ತಿರುಗಿ ಮಲಗಿದ್ದಾನಂತೆ. ಅನ್ನ ಇಲ್ಲ, ಮಾತಿಲ್ಲ. ಹೆಂಡ್ತೀನ ನೋಡೋಕೆ ಸ್ಟೇಷನ್ನಿಗೂ ಬರಲಿಲ್ಲ.” ಧ್ವನಿ ಇನ್ನೂ ತಗ್ಗಿಸಿದ. “ಅಕ್ಕ, ಇವತ್ತು ಮಷೀನು ಸರಿ ಇದೆ ಅಂತ ಇನ್ಸ್‌ಪೆಕ್ಟರ್ ಬರೆದುಬಿಟ್ರೆ ನಿರ್ಲಕ್ಷ್ಯದ ಕೇಸು ಹೋಗಿ ಕೊಲೆ ಕೇಸು ಆಗುತ್ತೆ. ದಯವಿಟ್ಟು ಯಾರನ್ನೂ ಜಾಸ್ತಿ ಕೆಣಕಬೇಡ.”

“ಜಾಸ್ತಿ ಇಲ್ಲ. ಬೇಕಾದಷ್ಟೇ.”

ಆಪರೇಟರ್ ಪೊಲೀಸರಿಗೆ ಕೊಟ್ಟ ಹೇಳಿಕೆ ಚಿಕ್ಕದು. ಸೈರನ್ ದಿನಾ ಗ್ಯಾಸು ಬಿಡುವ ಹೊತ್ತಿಗೆ ಸುಮ್ಮಸುಮ್ಮನೆ ಕೂಗುತ್ತಿತ್ತು; ಗುಂಡಿ ಒತ್ತಿ ಬಾಯಿ ಮುಚ್ಚಿಸಿ ಗ್ಯಾಸು ಬಿಡಿ ಎಂದು ಮ್ಯಾನೇಜರ್ ಸಾಹೇಬರ ಅಪ್ಪಣೆ; ಅವತ್ತೂ ಒತ್ತಿದ್ದು ನಾನೇ. ಅಷ್ಟೇ. ಯಂತ್ರದ ಸೀಳಿನಲ್ಲಿ ಅವಳದೇ ಕಾರ್ಡು ಸಿಕ್ಕಿತ್ತು. ಇನ್ಸ್‌ಪೆಕ್ಟರನಿಗೆ ಅಷ್ಟು ಸಾಕಾಗಿತ್ತು. ಅವನಿಗೆ ಯಾವತ್ತೂ ಕಡಿಮೆಯೇ ಸಾಕು.

ಮ್ಯಾನೇಜರ್ ಎಲ್ಲವನ್ನೂ ಅಲ್ಲಗಳೆದಿದ್ದ. ಅಪ್ಪಣೆಯನ್ನು ಬಾಯಲ್ಲಿ ಕೊಡುವವರ ಜಾಣತನವೇ ಅದು. ಲೋಡಿಂಗ್ ಕೆಲಸದವರನ್ನು ಕೇಳಿದರೆ ಒಬ್ಬೊಬ್ಬರೂ ಆಕಾಶ ನೋಡಿದ್ದರು. ಹೊಟ್ಟೆಪಾಡು. ಆದರೆ ಮಾತಿನ ನಡುವೆ ಎಲ್ಲರ ಬಾಯಿಂದಲೂ ಒಂದು ಅಡ್ಡಹೆಸರು ಜಾರಿಬಿದ್ದಿತ್ತು. ಆ ಸೈರನ್ನಿಗೆ ಅವರು ಇಟ್ಟ ಹೆಸರು: ಅಳುಬುರುಕಿ.

ಕಾರಣವಿಲ್ಲದೆ ಅಳದ ಸೈರನ್ನಿಗೆ ಯಾರೂ ಅಳುಬುರುಕಿ ಎಂದು ಹೆಸರಿಡುವುದಿಲ್ಲ. ಈ ಕೇಸಿಗೆ ಚಾಳೀಸು ಕೈಹಾಕಿದ್ದು ಆ ಒಂದು ಪದದ ಮೇಲೆ.

“ಶುರು ಮಾಡೋಣವಾ?” ಮ್ಯಾನೇಜರ್ ಕೈ ಉಜ್ಜಿಕೊಂಡ. “ಗ್ಯಾಸ್ ಸಿಲಿಂಡರ್ ಬಿಚ್ಚಿಟ್ಟಿದ್ದೀವಿ. ಏನೂ ಹೆದರಿಕೆ ಇಲ್ಲ.”

“ನೀವಿರೋ ಕೋಣೇಲಿ ಯಾವತ್ತೂ ಹೆದರಿಕೆ ಇರಲ್ಲ ಬಿಡಿ. ಪಕ್ಕದ ಕೋಣೇಲಿ ಇರುತ್ತೆ.”

ತಮ್ಮ ಅಕ್ಕನ ಕಾಲು ತುಳಿದ.

ನೀಲಿ ಟೈ ಲ್ಯಾಪ್‌ಟಾಪನ್ನು ಕಂಟ್ರೋಲರಿಗೆ ಜೋಡಿಸಿ ಇನ್ಸ್‌ಪೆಕ್ಟರನಿಗೆ ವಿವರಿಸಿದ. ಹೊಗೆಕೋಣೆಯ ಬಾಗಿಲಲ್ಲಿ ಸುತ್ತುವ ಗೇಟಿದೆ. ಪೆಟ್ಟಿಗೆ ಹೊತ್ತವನು ಒಳಗೆ ಹೋದಾಗಲೆಲ್ಲ ಒಂದು ಎಣಿಕೆ, ಹೊರಗೆ ಬಂದಾಗಲೆಲ್ಲ ಒಂದು ಎಣಿಕೆ. ಶಿಫ್ಟಿನ ಕೊನೆಗೆ ಆಪರೇಟರ್ ತನ್ನ ಕಾರ್ಡು ತೂರಿಸಿ ಗ್ಯಾಸಿನ ಕೀಲಿ ತಿರುಗಿಸಿದಾಗ ಪ್ರೋಗ್ರಾಂ ಎರಡೂ ಎಣಿಕೆಗಳನ್ನು ಹೋಲಿಸುತ್ತದೆ. ಒಂದೇ ಆಗಿದ್ದರೆ ಹಸಿರು ದೀಪ. ಇಲ್ಲದಿದ್ದರೆ ಸೈರನ್, ಗ್ಯಾಸಿನ ಕೊಳವೆಗೆ ಬೀಗ. ಬೀಗ ಬಿಡಿಸಲೆಂದೇ ಇರುವುದು ಆ ಕೆಂಪು ಗುಂಡಿ, ತೀರಾ ತುರ್ತಿಗೆ ಮಾತ್ರ.

“ಈಗ ಪರೀಕ್ಷೆಗೆ ಅಂತ ನಾನೇ ಎಣಿಕೆ ತುಂಬ್ತೀನಿ ಸಾರ್. ಒಳಗೆ ಐವತ್ತು, ಹೊರಗೆ ಐವತ್ತು.”

ಕೀಲಿ ತಿರುಗಿತು. ಹಸಿರು.

“ಒಳಗೆ ಐವತ್ತು, ಹೊರಗೆ ನಲವತ್ತೊಂಬತ್ತು.”

ಸೈರನ್ ಕೋಣೆ ನಡುಗುವಂತೆ ಕೂಗಿತು. ಗಾಜಿನಾಚೆ ಮುದುಕಿಯ ಬೆರಳುಗಳು ಸೆರಗಿನಲ್ಲಿ ಬಿಗಿದುಕೊಂಡವು. ಮಗ ಒಳಗಿದ್ದಾಗಲೂ ಇದೇ ಕೂಗು ಕೂಗಿರಬೇಕು.

“ಮುನ್ನೂರು, ಮುನ್ನೂರು.”

ಹಸಿರು.

“ನೋಡ್ಕೊಳ್ಳಿ ಸಾರ್!” ಮ್ಯಾನೇಜರ್ ಇನ್ಸ್‌ಪೆಕ್ಟರನ ಬೆನ್ನು ತಟ್ಟುವಷ್ಟು ಹತ್ತಿರ ಬಂದ. “ಸುಮ್ಮಸುಮ್ಮನೆ ಕೂಗ್ತಿತ್ತಂತೆ! ಎಲ್ಲಿ ಕೂಗ್ತು? ಯಂತ್ರ ಸುಳ್ಳು ಹೇಳಲ್ಲ. ಮನುಷ್ಯರು ಹೇಳ್ತಾರೆ. ಅದ್ರಲ್ಲೂ…” ಎಂದು ಆಪರೇಟರಿನ ಕೋಟಿನ ಕಡೆ ಕಣ್ಣು ಹಾಯಿಸಿ, ಉಳಿದ ಮಾತನ್ನು ಸಭ್ಯತೆಯಿಂದ ನುಂಗಿಕೊಂಡ. ಅವನ ಸಭ್ಯತೆ ಬಯ್ಗುಳಕ್ಕಿಂತ ಹೊಲಸಾಗಿತ್ತು.

ಆಪರೇಟರ್ ಹಸಿರು ದೀಪವನ್ನು ನೋಡುತ್ತ ನಿಂತಿದ್ದಳು. ಅವಳ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಚಾಳೀಸಿಗೆ ಅದು ಚುಚ್ಚಿತು. ದಿನಾ ಸುಳ್ಳು ಅಳುತ್ತಿದ್ದ ಸೈರನ್ ಇವತ್ತು ಬಾಯಿ ಮುಚ್ಚಿಕೊಂಡರೆ, ಅದರ ಜೊತೆ ದುಡಿದವಳಿಗೆ ಆಶ್ಚರ್ಯವಾಗಬೇಡವೇ?

ಆ ಯೋಚನೆಯನ್ನು ಪಕ್ಕಕ್ಕಿಟ್ಟಳು. ಇಡಬಾರದಿತ್ತು.

“ಇನ್ನೂ ಮೇಲೆ ಹೋಗು,” ಎಂದಳು ನೀಲಿ ಟೈಗೆ.

“ಐನೂರು… ಹಸಿರು. ಎಂಟುನೂರು… ಹಸಿರು. ಸಾವಿರ…” ಹಸಿರು. ಅವನು ಚಟ್ಟನೆ ಕೈ ತೆಗೆದು ಲ್ಯಾಪ್‌ಟಾಪಿನ ಮುಚ್ಚಳ ಮಡಿಸತೊಡಗಿದ. “ಸಾಕಲ್ವಾ ಸಾರ್? ಇಲ್ಲಿ ಒಂದು ಶಿಫ್ಟಿಗೆ ಇದರ ಕಾಲು ಭಾಗ ಕೂಡ ಆಗಲ್ಲ.”

“ಸಾಕು ಸಾಕು,” ಎಂದ ಇನ್ಸ್‌ಪೆಕ್ಟರ್. ಸಾಕು ಅವನಿಗೆ ಪ್ರಿಯವಾದ ಪದ.

“ಇನ್ನೊಂದೇ ಒಂದು,” ಎಂದಳು ಚಾಳೀಸು. “ಸಾವಿರದ ಒಂದು.”

“ಅದೇನು ಮೇಡಂ, ಸಾವಿರಕ್ಕೆ ಬಂದದ್ದು ಸಾವಿರದ ಒಂದಕ್ಕೆ ಬರಲ್ವಾ?”

“ಬರುತ್ತಲ್ಲ? ಹಾಕು ಮತ್ತೆ. ಒಂದು ಹಾಕೋಕೆ ಇಷ್ಟು ಯಾಕೆ ಬೆವರ್ತಿದ್ದೀಯ?”

ಅವನು ಮ್ಯಾನೇಜರನ ಮುಖ ನೋಡಿದ. ಅದನ್ನು ಇನ್ಸ್‌ಪೆಕ್ಟರನೂ ಕಂಡ. ಮೊದಲ ಸಲ ಅವನ ಕಣ್ಣಲ್ಲಿ ಪೊಲೀಸಿನವನೊಬ್ಬ ಎದ್ದು ಕೂತ.

“ಹಾಕ್ರೀ,” ಎಂದ.

ಒಳಗೆ ಸಾವಿರದ ಒಂದು. ಹೊರಗೆ ಸಾವಿರದ ಒಂದು. ಕೀಲಿ ತಿರುಗಿತು.

ಅಳುಬುರುಕಿ ಅತ್ತಳು.

ಸೈರನ್ ಆರಿದ ಮೇಲೆ ಎಲ್ಲರೂ ಪರದೆಯತ್ತ ಬಾಗಿದರು. ಪರದೆಯ ಮೇಲೆ ಎರಡು ಸಾವಿರದ ಒಂದುಗಳು ಅವಳಿಗಳಂತೆ ನಿಂತಿದ್ದವು. ಪ್ರೋಗ್ರಾಂ ಅವೆರಡೂ ಬೇರೆ ಬೇರೆ ಎಂದು ಆಣೆ ಮಾಡಿ ಹೇಳುತ್ತಿತ್ತು.

“ಏನ್ರೀ ಇದು?” ಇನ್ಸ್‌ಪೆಕ್ಟರ್ ಗುಡುಗಿದ. “ಕಣ್ಣಿಗೆ ಕಾಣ್ತಿದೆ ಎರಡೂ ಒಂದೇ ಅಂತ!”

“ನಿಮ್ಮ ಕಣ್ಣಿಗೆ ಕಾಣುತ್ತೆ. ಇವರ ಪ್ರೋಗ್ರಾಮಿಗೆ ಕಾಣಲ್ಲ.” ಚಾಳೀಸು ಮ್ಯಾನೇಜರನ ಮೇಜಿನಿಂದ ಒಂದೇ ಥರದ ಎರಡು ಪುಟ್ಟ ಡಬ್ಬಿ ಎತ್ತಿದಳು. ಒಂದೊಂದರಲ್ಲೂ ಐದೈದು ಗುಂಡುಪಿನ್ನು ಹಾಕಿ ಇನ್ಸ್‌ಪೆಕ್ಟರನ ಮುಂದಿಟ್ಟಳು. “ಎರಡರಲ್ಲೂ ಪಿನ್ನು ಅಷ್ಟೇ ಇವೆಯಾ?”

“ಇವೆ.”

“ಎರಡೂ ಅದೇ ಡಬ್ಬೀನಾ?”

“ಅದೇ ಹೇಗಾಗುತ್ತೆ? ಎರಡು ಡಬ್ಬಿ ಇದೆ.”

“ನೀವು ಈ ಕಂಪನಿ ಸೇರಿದ್ರೆ ಉದ್ಧಾರ ಆಗ್ತಿತ್ತು. ಪಿನ್ನು ಅಷ್ಟೇ ಇವೆಯಾ ಅಂತ ಕೇಳಬೇಕಾದ ಜಾಗದಲ್ಲಿ ಇವರ ಪ್ರೋಗ್ರಾಂ ಡಬ್ಬಿ ಅದೇನಾ ಅಂತ ಕೇಳುತ್ತೆ. ಒಳಗಿರೋ ಸಂಖ್ಯೆ ನೋಡಲ್ಲ, ಮೇಲಿನ ಡಬ್ಬಿ ನೋಡುತ್ತೆ.”

ಇನ್ಸ್‌ಪೆಕ್ಟರ್ ಹುಬ್ಬು ಗಂಟಿಕ್ಕಿದ. “ಹಾಗಿದ್ರೆ ಐವತ್ತಕ್ಕೂ ಕೂಗಬೇಕಿತ್ತಲ್ಲ?”

ಚಾಳೀಸು ಅವನನ್ನು ಕನ್ನಡಕದ ಮೇಲಿಂದ ನೋಡಿದಳು. ಈ ಕೋಣೆಯಲ್ಲಿ ಯಾರಾದರೂ ಸರಿಯಾದ ಪ್ರಶ್ನೆ ಕೇಳಬಹುದೆಂದು ಅವಳು ನಿರೀಕ್ಷಿಸಿರಲಿಲ್ಲ.

“ಅಲ್ಲೇ ಇರೋದು ಸಾರ್ ಇವರ ಗ್ರಹಚಾರ. ಪ್ರೋಗ್ರಾಮನ್ನ ಓಡಿಸೋದಕ್ಕೆ, ಅದರ ಸಾಮಾನು ಇಡೋಕೆ, ಕಸ ಗುಡಿಸೋಕೆ ಕೆಳಗೆ ಇನ್ನೊಂದು ಪ್ರೋಗ್ರಾಂ ಇರುತ್ತೆ. ರನ್‌ಟೈಮ್ ಅಂತಾರೆ. ಸಂಖ್ಯೆ ಬೇಕು ಅಂದಾಗಲೆಲ್ಲ ಅದು ಹೊಸ ಡಬ್ಬಿ ಮಾಡಿ, ಸಂಖ್ಯೆ ತುಂಬಿ ಕೊಡಬೇಕು. ಮಾಡೋಕೂ ಹೊತ್ತು, ಆಮೇಲೆ ಎಸೆಯೋಕೂ ಹೊತ್ತು. ಸಣ್ಣ ಸಂಖ್ಯೆಗಳನ್ನ ಎಲ್ಲರೂ ಪದೇಪದೇ ಕೇಳ್ತಾರೆ ತಾನೇ? ಅದಕ್ಕೆ ಅವನ್ನ ಮೊದಲೇ ಡಬ್ಬಿಗೆ ತುಂಬಿ ಸಾಲಾಗಿ ಇಟ್ಕೊಂಡಿರುತ್ತೆ. ಐವತ್ತು ಅಂತ ಯಾರು ಕೇಳಿದ್ರೂ ಆ ಒಂದೇ ಡಬ್ಬಿ ತೋರಿಸುತ್ತೆ. ಕೆಲಸ ಚುರುಕಾಗುತ್ತೆ. ಜಾಣತನವೇ, ತಪ್ಪೇನಿಲ್ಲ.”

“ಓ. ಐವತ್ತಕ್ಕೆ ಎರಡು ಕಡೇನೂ ಅದೇ ಡಬ್ಬಿ.”

“ಅದೇ ಡಬ್ಬಿ. ಹಂಗಾಗಿ ದಡ್ಡ ಪ್ರಶ್ನೆಗೂ ಸರಿ ಉತ್ತರ. ಆದ್ರೆ ಆ ಸಾಲು ನೂರಿಪ್ಪತ್ತೇಳಕ್ಕೆ ಮುಗಿಯುತ್ತೆ. ಅದರಾಚೆಗೆ ಕೇಳಿದವರಿಗೆಲ್ಲ ಹೊಸ ಹೊಸ ಡಬ್ಬಿ. ಒಳಗೆ ನೂರಿಪ್ಪತ್ತೆಂಟು, ಹೊರಗೂ ನೂರಿಪ್ಪತ್ತೆಂಟು, ಡಬ್ಬಿ ಎರಡು. ಸೈರನ್!” ಮ್ಯಾನೇಜರನ ಕಡೆ ತಿರುಗಿದಳು. “ಮೊದಲು ನಿಮ್ಮ ವ್ಯಾಪಾರ ಚಿಕ್ಕದಿತ್ತು, ಎಣಿಕೆ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಎರಡನೇ ಲೋಡಿಂಗ್ ಬಾಗಿಲು ತೆಗೆದ್ರಿ, ಬೊಜ್ಜು ಬೆಳೀತು. ಅಳುಬುರುಕಿ ಅಳೋಕೆ ಶುರು ಮಾಡಿದ್ಲು. ಇವರ ಮಹಾ ಮೇಧಾವಿಗಳು ಮಾರೋ ಮುಂಚೆ ಪರೀಕ್ಷೆ ಮಾಡಿದ್ದು ಹತ್ತು, ಇಪ್ಪತ್ತು, ಐವತ್ತಕ್ಕೆ. ನೂರೈವತ್ತು ಸಲ ಒಳಗೆ ಹೋಗಿಬರೋ ಬೆನ್ನುಗಳು ಈ ಲೋಕದಲ್ಲಿ ಇರುತ್ತವೆ ಅಂತ ಅವರ ತಂಪು ಕೋಣೆಗೆ ಹೊಳೆದೇ ಇಲ್ಲ.”

“ಮೇಡಂ, ನೀವು ಭಾಷಣ ಬಿಡ್ತಿದ್ದೀರ,” ಎಂದ ಮ್ಯಾನೇಜರ್. ನಗು ಇನ್ನೂ ತುಟಿಯ ಮೇಲಿತ್ತು, ಕಣ್ಣಿನಿಂದ ಇಳಿದುಹೋಗಿತ್ತು. “ಮುನ್ನೂರಕ್ಕೆ ಕೂಗಲಿಲ್ಲವಲ್ಲ? ಎಲ್ಲರೂ ನೋಡಿದ್ದೀವಿ.”

“ಅದೇ ನಾನೂ ಕೇಳೋದು. ನೂರಿಪ್ಪತ್ತೇಳಕ್ಕೆ ಮುಗಿಯೋ ಸಾಲು ಸಾವಿರದ ತನಕ ಹೇಗೆ ಬೆಳೀತು? ತಾನಾಗಿ ಬೆಳೆಯಲ್ಲ. ರನ್‌ಟೈಮ್ ಶುರುವಾಗುವಾಗ ‘ಸಾವಿರದ ತನಕ ಡಬ್ಬಿ ಮಾಡಿಟ್ಕೋ’ ಅಂತ ಯಾರೋ ಹೇಳಬೇಕು. ತಪ್ಪು ಪ್ರಶ್ನೇನ ತಿದ್ದೋದು ಬಿಟ್ಟು, ತಪ್ಪು ಕಾಣದ ಹಾಗೆ ಸಾಲು ಉದ್ದ ಮಾಡಿದ್ದಾರೆ. ಗೋಡೆ ಬಿರುಕಿಗೆ ಕ್ಯಾಲೆಂಡರ್ ನೇತುಹಾಕೋ ಬುದ್ಧಿ. ಅದೂ ಸಾವಿರ ಅಂತ, ಗುಂಡಗೆ! ಕಳ್ಳರಿಗೆ ಗುಂಡಗಿನ ಅಂಕಿ ಅಂದ್ರೆ ಅದೇನು ಪ್ರೀತಿಯೋ.”

ನೀಲಿ ಟೈ ಟೈ ಸಡಿಲಿಸಿದ. “ಅದು… ನಾನೇ ಮಾಡಿದ್ದು. ಆಕ್ಸಿಡೆಂಟ್ ಆದ್ಮೇಲೆ, ಮುಂಜಾಗ್ರತೆಗೆ ಅಂತ…”

“ಆಮೇಲೆ?” ಚಾಳೀಸು ಅವನ ಹತ್ತಿರ ಹೋದಳು. “ಆ ಮಾತನ್ನ ಮಷೀನ್ ಶುರುವಾಗುವಾಗ ಮಾತ್ರ ಕೇಳಿಸ್ಕೊಳ್ಳುತ್ತೆ. ಅಂದ್ರೆ ಆರಿಸಿ ಮತ್ತೆ ಹಚ್ಚಬೇಕು. ಆರಿಸಿದ್ರೆ ಎಣಿಕೆ ಸೊನ್ನೆ ಆಗುತ್ತೆ ಅಂತ ನೀನೇ ಈಗ ಹೇಳಿದೆ. ಮೊಹರು ಒಡೆದಾಗ ಪರದೆ ಮೇಲೆ ಏನಿತ್ತು ಸಾರ್?”

ಇನ್ಸ್‌ಪೆಕ್ಟರ್ ತನ್ನ ಫೋನಿನ ಫೋಟೋ ನೋಡಿಕೊಂಡ. “ಇನ್ನೂರ ಹದಿನಾಲ್ಕು. ಇನ್ನೂರ ಹದಿಮೂರು.”

“ಸಾವಿನ ದಿನದ ಎಣಿಕೆ ಹಂಗೇ ಇದೆ. ಅಂದ್ರೆ ಆ ಶಿಫ್ಟು ಶುರುವಾದ ಮೇಲೆ ಮಷೀನ್ ಒಂದು ಸಲವೂ ಆರಿಲ್ಲ. ನೀನು ಸಾಲು ಉದ್ದ ಮಾಡಿದ್ದು ಸಾವಿಗೆ ಮುಂಚೆ. ಯಾವಾಗ? ಅವತ್ತು ಬೆಳಿಗ್ಗೇನಾ?”

“ಅವತ್ತು…” ಎಂದು ಅವನು ತೊದಲಿದ.

“ಹೇಳಬೇಡ,” ಎಂದ ಮ್ಯಾನೇಜರ್. ಅಷ್ಟು ಸಾಕಾಯಿತು.

“ಹೇಳಬೇಡ?” ಇನ್ಸ್‌ಪೆಕ್ಟರ್ ಅವನ ಕಡೆ ಹೊರಳಿದ. “ಏನು ಹೇಳಬಾರದು ಇವನು?”

ನೀಲಿ ಟೈ ಹುಡುಗನಂತೆ ಅಳತೊಡಗಿದ. ಚಾಳೀಸಿಗೆ ಕನಿಕರ ಬರಲಿಲ್ಲ. ಇಂಥವರ ಕಣ್ಣೀರು ಯಾವತ್ತೂ ಹೆಣ ಎತ್ತಿದ ಮೇಲೆಯೇ ಬರುತ್ತದೆ.

“ಅವತ್ತು ಬೆಳಿಗ್ಗೆ… ಶಿಫ್ಟಿಗೆ ಮುಂಚೆ. ಫಿಟ್ಟರಣ್ಣನೇ ಬೆನ್ನುಬಿದ್ದಿದ್ದ. ‘ಸೈರನ್ ದಿನಾ ಸುಳ್ಳು ಹೇಳ್ತಿದೆ, ಜನ ಅದನ್ನ ನಂಬೋದೇ ಬಿಟ್ಟಿದ್ದಾರೆ, ಒಂದು ದಿನ ಯಾರಾದ್ರೂ ಹೋಗಿಬಿಡ್ತಾರೆ’ ಅಂತ. ಪ್ರೋಗ್ರಾಂ ತಿದ್ದಬೇಕು ಅಂದ್ರೆ ನಮ್ಮ ಕಂಪನಿ ತಪ್ಪು ಒಪ್ಪಿಕೊಂಡ ಹಾಗೆ. ಅದಕ್ಕೆ ಸದ್ಯಕ್ಕೆ ಇಷ್ಟು ಮಾಡಿದೆ. ಕೆಲಸ ಮಾಡ್ತು. ಸುಳ್ಳು ಕೂಗು ನಿಂತುಹೋಯ್ತು.”

“ನಿಂತುಹೋದದ್ದನ್ನ ಜನಕ್ಕೆ ಹೇಳಿದ್ರಾ?”

ಅವನು ಟೈಯ ತುದಿಯಿಂದ ಕಣ್ಣೊರೆಸಿಕೊಂಡು ಇಲ್ಲವೆಂದು ತಲೆಯಾಡಿಸಿದ.

“ಯಾಕೆ ಹೇಳಲಿಲ್ಲ?”

“ಸಾಹೇಬರು ಬೇಡ ಅಂದ್ರು. ಈಗ ಸರಿ ಮಾಡಿದ್ದೀವಿ ಅಂದ್ರೆ, ಇಷ್ಟು ದಿನ ಕೆಟ್ಟಿತ್ತಾ ಅಂತ ಕೇಳ್ತಾರೆ ಅಂದ್ರು.”

ಚಾಳೀಸು ಮ್ಯಾನೇಜರನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಚಪ್ಪಲಿಗೆ ಅಂಟಿದ್ದನ್ನು ಕಲ್ಲಿಗೆ ಉಜ್ಜುವ ಮುನ್ನ ನೋಡುವ ಹಾಗೆ.

“ಭೇಷ್. ದಿನಾ ಸುಳ್ಳು ಹೇಳೋಳು ಅವತ್ತು ಬೆಳಿಗ್ಗೆಯಿಂದ ನಿಜ ಹೇಳೋಕೆ ಶುರು ಮಾಡಿದ್ಲು. ಅದು ಇಡೀ ಗೋದಾಮಲ್ಲಿ ಯಾರಿಗೂ ಗೊತ್ತಾಗಬಾರದು ಅಂತ ನೀವು ಬಾಯಿಗೆ ಬೀಗ ಹಾಕಿದ್ರಿ. ಸಂಜೆ ಅವಳು ಒಳಗೆ ಮನುಷ್ಯ ಇದ್ದಾನೆ ಅಂತ ಬಾಯಿ ಬಡ್ಕೊಂಡ್ಲು. ಕೇಳಿದವರು ‘ಅಳುಬುರುಕಿ, ಅಳಲಿ ಬಿಡು’ ಅಂದ್ಕೊಂಡ್ರು. ಹಾಗೆ ಅಂದ್ಕೊಳ್ಳೋದನ್ನ ಕಲಿಸಿದೋರು ನೀವು. ಮರ್ಯಾದೆ ಉಳಿಸ್ಕೊಳ್ಳೋಕೆ ಒಬ್ಬನ್ನ ಕೊಂದಿದ್ದೀರಿ. ಅದೂ ಇಲ್ಲದ ಮರ್ಯಾದೆ!”

“ಅಕ್ಕ,” ತಮ್ಮ ಅವಳ ತೋಳು ಹಿಡಿದ. ಅವನ ಧ್ವನಿಯಲ್ಲಿ ಗೆಲುವಿತ್ತು. “ಸಾಕು, ಇಷ್ಟು ಸಾಕು. ಇವಳಿಗೆ ಗೊತ್ತಿರಲಿಲ್ಲ. ಅಭ್ಯಾಸದಂತೆ, ಅಪ್ಪಣೆಯಂತೆ ಒತ್ತಿದ್ದಾಳೆ. ಇವತ್ತೇ ಜಾಮೀನಿಗೆ ಹಾಕ್ತೀನಿ.”

ಸಾಕಿತ್ತು. ನಿಜಕ್ಕೂ ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು.

ಆದರೆ ಹಸಿರು ದೀಪ ನೋಡಿ ಆಶ್ಚರ್ಯಪಡದ ಆ ಮುಖ ಚಾಳೀಸಿನ ತಲೆಯೊಳಗೆ ಚುಚ್ಚುತ್ತಲೇ ಇತ್ತು. ಅವಳು ತಿರುಗಿದಳು.

“ಏನಮ್ಮಾ. ಸೈರನ್ ಸರಿಮಾಡಿಸೋಕೆ ಅಂತ ಓಡಾಡಿದೋನು ನಿನ್ನ ಮೈದುನ. ಒಂದೇ ಮನೆ, ಒಂದೇ ಒಲೆ. ನಿನಗೆ ಅವನು ಹೇಳಿದ್ನಾ?”

ತಮ್ಮ “ಅಕ್ಕ!” ಎಂದು ಕೂಗಿಕೊಂಡ. ತಡವಾಗಿತ್ತು.

ಆಪರೇಟರ್ ಮೊದಲ ಸಲ ಬಾಯಿ ತೆರೆದಳು. “ಹೇಳಿದ್ದ. ಬೆಳಿಗ್ಗೆ ಬುತ್ತಿ ಕಟ್ಟುವಾಗ. ‘ಅತ್ತಿಗೆ, ಇವತ್ತಿಂದ ನಿನ್ನ ಅಳುಬುರುಕಿ ಸುಳ್ಳು ಅಳಲ್ಲ. ಅತ್ರೆ ನಿಜ ಅಂತ ತಿಳ್ಕೋ. ಇನ್ಮೇಲೆ ನಾನು ಧೈರ್ಯವಾಗಿ ಒಳಗೆ ಹೋಗಬಹುದು’ ಅಂತ ನಗಾಡ್ದ.”

“ಆಹಾ!” ಮ್ಯಾನೇಜರಿಗೆ ಹೋದ ಜೀವ ಬಂತು. ಒಂದು ಮರೆಯಿಂದ ಇನ್ನೊಂದು ಮರೆಗೆ ಜಿಗಿಯುವುದು ಅವನಿಗೆ ಕಲಿಸಬೇಕಾದ ವಿದ್ಯೆಯಲ್ಲ. “ಕೇಳಿಸ್ಕೊಂಡ್ರಾ ಸಾರ್? ಸೈರನ್ ನಿಜ ಹೇಳುತ್ತೆ ಅಂತ ಗೊತ್ತಿತ್ತು ಇವಳಿಗೆ. ಗೊತ್ತಿದ್ದೂ ಒತ್ತಿದ್ದಾಳೆ. ಗೊತ್ತಿದ್ದೂ! ಕೊಲೆ ಅಲ್ದೆ ಇದೇನು? ಮೇಡಂ, ನಿಮಗೆ ನನ್ನ ಹೃತ್ಪೂರ್ವಕ ವಂದನೆಗಳು.”

ಇನ್ಸ್‌ಪೆಕ್ಟರನ ಪೆನ್ನು ಹೊರಗೆ ಬಂತು.

ಚಾಳೀಸು ಅವನ ಮಾತು ಕೇಳುತ್ತಿರಲಿಲ್ಲ. ಯಂತ್ರದ ಸೀಳನ್ನು ನೋಡುತ್ತಿದ್ದಳು. ಕಾರ್ಡು ಯಾರದು ಎಂದು ಪೊಲೀಸರು ಕೇಳಿದ್ದರು. ಅವಳೂ ಅದನ್ನೇ ಕೇಳಿ ಸುಮ್ಮನಾಗಿದ್ದಳು. ಕಾರ್ಡು ತೂರಿಸಿದವಳೇ ಗುಂಡಿಯನ್ನೂ ಒತ್ತಿರಬೇಕೆಂದು ಯಾವ ಯಂತ್ರವೂ ಹೇಳಿರಲಿಲ್ಲ. ಡಬ್ಬಿ ನೋಡಿ ಒಳಗಿರುವುದು ಗೊತ್ತೆಂದು ಬೀಗಿದ ನೀಲಿ ಟೈಯನ್ನು ಅವಳು ಇಷ್ಟು ಹೊತ್ತು ಉಗಿದಿದ್ದಳು; ಕಾರ್ಡು ನೋಡಿ ತಾನು ಮಾಡಿದ್ದೂ ಅದನ್ನೇ.

“ಅವತ್ತು ಸೈರನ್ ಕೂಗಿದಾಗ,” ಎಂದಳು ಮೆಲ್ಲಗೆ, “ನೀನು ಎಲ್ಲಿದ್ದೆ?”

“ಓಡಿದೆ,” ಎಂದಳು ಆಪರೇಟರ್. “ಹೊಗೆಕೋಣೆ ಬಾಗಿಲಿಗೆ ಓಡಿದೆ. ನಿಜ ಅಂತ ಗೊತ್ತಿತ್ತಲ್ಲ. ಗ್ಯಾಸಿಗೆ ಅಂತ ಬಿಗಿದಿದ್ದ ಬಾಗಿಲು ಬಡೀತಾ ಇದ್ದೆ. ಬಡೀತಾ ಇರೋ ಹಾಗೇ ಹಿಂದೆ ಸೈರನ್ ನಿಂತುಹೋಯ್ತು. ಒಳಗೆ ಗ್ಯಾಸು ನುಗ್ಗೋ ಸದ್ದು ಬಂತು.”

ಇನ್ಸ್‌ಪೆಕ್ಟರನ ಪೆನ್ನು ಹಾಳೆಯ ಮೇಲೆ ನಿಂತಿತು.

“ನಿನ್ನ ಕುರ್ಚೀಲಿ ಯಾರಿದ್ರು?”

ಆಪರೇಟರ್ ಗಾಜಿನ ಬಾಗಿಲಿನ ಕಡೆ ನೋಡಿದಳು. ಬೆಂಚಿನ ಮೇಲೆ ಕೂತಿದ್ದ ಮುದುಕಿ ಎದ್ದು ನಿಂತಿದ್ದಳು. ಈಗ ಅವಳು ಸೊಸೆಯ ಮುಖವನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ದ್ವೇಷದ ಎಳೆಯೂ ಇರಲಿಲ್ಲ. ಒಬ್ಬ ಮಗನನ್ನು ಮಣ್ಣಿಗೆ ಕೊಟ್ಟು, ಗೋಡೆಯ ಕಡೆ ಮುಖ ಮಾಡಿ ಮಲಗಿದ ಇನ್ನೊಬ್ಬ ಮಗನನ್ನು, ಆ ಶಿಫ್ಟ್ ಮೇಸ್ತ್ರಿಯನ್ನು, ಮನೆಯಲ್ಲಿ ಬಿಟ್ಟುಬಂದವಳ ನೋಟ ಅದು. ಇಷ್ಟು ದಿನ ಸೊಸೆಯ ಮುಂದೆ ತಲೆಯೆತ್ತಲಾಗದಿದ್ದುದು ಯಾಕೆಂದು ಚಾಳೀಸಿಗೆ ಆಗ ಹೊಳೆಯಿತು.

“ಅತ್ತೆ,” ಎಂದಳು ಸೊಸೆ, ಗಾಜಿನಾಚೆಗೆ ಕೇಳುವಷ್ಟು ಗಟ್ಟಿಯಾಗಿ. “ಹೇಳಿಬಿಡ್ಲಾ?”

ಮುದುಕಿ ಎರಡೂ ಕೈ ಜೋಡಿಸಿದಳು.